ಹದಿನಾಲ್ಕನೇ ಸಾಲು

ಆ ಕಾರ್ಡನ್ನು ಗೌರವ್ವ ಏಳು ತಿಂಗಳಿಂದ ತನ್ನ ಡೈರಿಯೊಳಗೆ ಇಟ್ಟುಕೊಂಡಿದ್ದಳು. ದಪ್ಪ ಹಾಳೆ, ಅಲ್ಲಲ್ಲಿ ಸಣ್ಣ ತೂತು, ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನ ಒಂದು ಗೀಟು.

‘ಗಣಕಯಂತ್ರ ಓದೂದು ಇದನ್ನ. ಇದರಾಗ ನಿನ್ನ ಹೆಸರು ಬರಸೀನಿ, ಗೌರಿ,’ ಎಂದು ಪುಣೆಯಿಂದ ಬಂದ ಸಂಶೋಧಕ ಶ್ರೀಶೈಲ ಅದನ್ನು ಅವಳ ಕೈಗಿಟ್ಟಿದ್ದ. ಬಿಸಿಲಿಗೆ ಹಿಡಿದರೆ ಅಂಗೈ ಮೇಲೆ ಕಾಳು ಕಾಳು ಬೆಳಕು ಬೀಳುತ್ತಿತ್ತು. ಆ ಕೆಂಪು ಗೀಟನ್ನೂ ಅವಳು ಶೃಂಗಾರವೆಂದೇ ತಿಳಿದಿದ್ದಳು.

೧೯೭೭ರ ಮಾರ್ಚ್. ಅವಳು ಓದುವ ಜತ್ತದ ಕಾಲೇಜಿನಲ್ಲಿ ತಳಿ ಸಂಶೋಧನೆಯ ವಿಚಾರ ಸಂಕಿರಣ. ಉಮದಿಯಲ್ಲಿ ಅಪ್ಪ ಬಸಗೊಂಡನ ಹೊಲದೊಳಗೆ ಎರಡು ವರ್ಷ ಅವಳೇ ತೆನೆ ಎಣಿಸಿ, ಕಾಳು ತೂಗಿ, ಬರೆದಿಟ್ಟ ಜೋಳದ ಮೇಲೆ ಶ್ರೀಶೈಲ ಪ್ರಬಂಧ ಓದುವವನಿದ್ದ. ‘ಅದರ ಮ್ಯಾಲೆ ಇಬ್ಬರ ಹೆಸರೂ ಇರ್ತಾವ. ಅದನ್ನ ಹಿಡಕೊಂಡೇ ನಿನ್ನ ಕೇಳಾಕ ನಿಮ್ಮಪ್ಪಾರ ಮುಂದ ಬಂದು ಕುಂದರ್ತೀನಿ,’ ಎಂದಿದ್ದ.

ಪಡಸಾಲೆಯಲ್ಲಿ ಪುಣೆಯ ಗಣಕಯಂತ್ರದ ಆಪರೇಟರ್ ಅಪ್ಪಾಸಾಬ ಮೇಜಿನ ಮೇಲೆ ಇಂಥವೇ ಕಾರ್ಡು ಹರವಿ ಎಲ್ಲರಿಗೂ ತೋರಿಸುತ್ತಿದ್ದ. ಗೌರವ್ವ ನಾಚುತ್ತ ತನ್ನದನ್ನು ಮುಂದೆ ಹಿಡಿದಳು.

‘ಇದರಾಗ ಏನೈತಿ ಓದ್ತೀರೇನ್ರಿ?’

ಅವನು ಕಿಟಕಿಯ ಬೆಳಕಿಗೆ ಹಿಡಿದ. ‘ಒಂದು, ನಾಕು. ಹದಿನಾಲ್ಕನೇ ಸಾಲು. ಮುಂದಿಂದು ತೂಕ, ಹತ್ತೊಂಬತ್ತು ಗ್ರಾಂ.’

‘ಹೆಸರು?’

‘ಹೆಸರೆಲ್ಲಿದು ತಂಗಿ? ಬರೇ ಅಂಕಿ. ಕೆಂಪು ಗೀಟು ಹೊಡದಾರಲ್ಲ, ಅಂದ್ರ ರದ್ದಾಗಿದ್ದು. ಎಲ್ಲಿ ಸಿಕ್ತು ಈ ರದ್ದಿ?’

ಅವಳು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡಳು. ಹದಿನಾಲ್ಕನೇ ಸಾಲು! ಹೋದ ವರ್ಷ ಸಂಕ್ರಾಂತಿಯ ಮುಂಚೆ ಹಕ್ಕಿ ಕಾಯಲು ಇಬ್ಬರೂ ಆ ಸಾಲಿನ ತುದಿಗೆ ಕುಳಿತಿದ್ದರು. ಅವಳ ಕೈಯಲ್ಲಿದ್ದ ಕವಣೆಯನ್ನು ಅವನು ಬಿಡಿಸಿಕೊಂಡ, ಆಮೇಲೆ ಆ ಕೈಯನ್ನು ಬಿಡಲಿಲ್ಲ. ‘ಗುಬ್ಬಿ ಬಂದಾವರಿ,’ ಎಂದಳು. ‘ತಿನ್ನಲಿ ಬಿಡು, ಅವಕ್ಕೂ ಹಬ್ಬ,’ ಎಂದು ನಕ್ಕ. ಸುಗ್ಗಿಯಲ್ಲಿ ಆ ಸಾಲಿನ ತೆನೆಯೊಂದಕ್ಕೆ ಸಿಕ್ಕಿದ್ದು ಹತ್ತೊಂಬತ್ತೇ ಗ್ರಾಂ ಕಾಳು. ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು.

ಬಾಗಿಲಲ್ಲಿ ಹಂಚುತ್ತಿದ್ದ ಪ್ರಬಂಧದ ಪ್ರತಿಯನ್ನು ತೆಗೆದುಕೊಂಡಳು. ಅದರ ಮೇಲೆ ಶ್ರೀಶೈಲನ ಹೆಸರು ಒಂದೇ ಇತ್ತು.

ಶ್ರೀಶೈಲ ಹತ್ತಿರ ಬಂದ. ಅದೇ ಓರೆ ನೋಟ, ಹುಬ್ಬಿನಲ್ಲಿ ಅದೇ ತುಂಟತನ. ‘ಹೊಸಾ ಸೀರಿ? ಯಾರ ಸಲುವಾಗಿ?’

‘ನನ್ನ ಹೆಸರೆಲ್ಲಿರಿ?’

ಅವನ ಕಣ್ಣು ಬಾಗಿಲ ಕಡೆ ಹೋಯಿತು. ‘ಮೆಲ್ಲಕ ಮಾತಾಡು. ಮದುವಿ ಆಗದ ಹುಡುಗಿ ಹೆಸರು ನನ್ನ ಹೆಸರಿನ ಜೋಡಿ ಅಚ್ಚಾದ್ರ ಮಂದಿ ಏನಂದಾರು? ನಿನ್ನ ಮರ್ಯಾದಿ ಸಲುವಾಗೇ ಬಿಟ್ಟೀನಿ.’

‘ಹೊಲದಾಗ ಕೈ ಹಿಡದಾಗ ಮಂದಿ ಇದ್ದಿದ್ದಿಲ್ಲೇನ್ರಿ?’

ಒಳಗೆ ಗಂಟೆ ಹೊಡೆಯಿತು. ಅವನು ಹೋದ.

ಭಾಷಣ ಮುಗಿದ ಮೇಲೆ ಧಾರವಾಡದ ಹಿರಿಯ ಪ್ರಾಧ್ಯಾಪಕರೊಬ್ಬರು ಕೇಳಿದರು: ‘ಹದಿಮೂರಾದ ಮ್ಯಾಲೆ ಹದಿನೈದು ಬಂತಲ್ಲ? ನಡುವಿನ ಸಾಲು ಎಲ್ಲಿ ಹೋತು?’

‘ಅದನ್ನ ತಗದೀನ್ರಿ ಸರ್,’ ಎಂದ ಶ್ರೀಶೈಲ. ‘ತೂಕ ಬರಿಯೋ ಕೂಲಿ ಹೆಣ್ಣುಮಗಳು ನಿಷ್ಕಾಳಜಿ ಮಾಡ್ಯಾಳ.’

ಸಭೆ ಸಣ್ಣಗೆ ನಕ್ಕಿತು. ಕಾಲೇಜಿನ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೈ ಎತ್ತದ ಗೌರವ್ವ ಕೊನೆಯ ಬೆಂಚಿನಿಂದ ಎದ್ದು ನಿಂತಳು.

‘ತೂಕ ತಪ್ಪಿಲ್ರಿ. ಹತ್ತೊಂಬತ್ತು ಗ್ರಾಂ ಖರೇನ ಅದ. ಉಳಿದದ್ದು ಗುಬ್ಬಿ ತಿಂದಾವು.’

ಪ್ರಾಧ್ಯಾಪಕರು ತಿರುಗಿ ನೋಡಿದರು. ‘ಹೌದೇನವಾ? ಕಾಯಾವ್ರು ಇದ್ದಿದ್ದಿಲ್ಲೇನು?’

‘ಇಬ್ರು ಇದ್ವಿರಿ. ಇಬ್ರೂ ಕಾಯಲಿಲ್ಲ.’

ಈ ಸಲ ಯಾರೂ ನಗಲಿಲ್ಲ. ಅವಳು ನಡೆದು ಬಂದು ಶ್ರೀಶೈಲನ ಮುಂದೆ ಆ ಕಾರ್ಡನ್ನು ಇಟ್ಟಳು.

‘ಯಾರವಾ ಆ ಇಬ್ರು?’ ಎಂದರು ಪ್ರಾಧ್ಯಾಪಕರು.

‘ಒಬ್ಬಾಕಿ ನಾನು, ಉಮದಿ ಗೌರವ್ವ,’ ಎಂದಳು. ‘ಇನ್ನೊಬ್ಬರ ಹೆಸರು ನಿಮ್ಮ ಕೈಯಾಗಿನ ಹಾಳಿ ಮ್ಯಾಲೆ ಅಚ್ಚಾಗೇತ್ರಿ.’