ಕೆಳಗಿಳಿದ ಒಂಬತ್ತನೇ ಕುಳಿ

"ಅಮ್ಮಾ, ನನ್ನ ಕೆಲಸ ಉಳಿಸಿಕೊಡಿ," ಎಂದು ಗಾಲ್ಫ್ ಮೈದಾನದ ಮಾಲಿ ನಮ್ಮ ಬಾಗಿಲಲ್ಲಿ ನಿಂತ. ನಮ್ಮತ್ತಿಗೆ ಹೊಲಿಗೆ ಟೀಚರಾಗಿ ನಿವೃತ್ತರಾದವರು. ಈ ಹಿರಿಯರ ಬಡಾವಣೆಯಲ್ಲಿ ಬೆಕ್ಕು ಕಾಣೆಯಾದರೂ ಜನ ಅವರ ಬಳಿಗೇ ಬರುತ್ತಿದ್ದರು. ಜೊತೆಗೆ ಬಾಲದ ಹಾಗೆ ನಾನು, ಅವರ ನಾದಿನಿ.

ಬಡಾವಣೆಗೆ ಸಾಲುಸಾಲು ಹೊಸ ಮನೆಗಳು ಬಂದಿದ್ದವು, ಮೈದಾನ ಮಾತ್ರ ಇದ್ದಷ್ಟೇ ಇತ್ತು. ಆಡಲು ಸರದಿ ಸಿಗುವುದೇ ಕಷ್ಟವಾದಾಗ ಕಾರ್ಯದರ್ಶಿ ಹೊಸ ನಿಯಮ ತಂದರು: ನಿಧಾನವಾಗಿ ಆಡಿ ಹಿಂದಿನವರನ್ನು ಕಾಯಿಸಿದರೆ ಬೆಳಗಿನ ಸರದಿ ರದ್ದು. ಮಾಲಿ ದಿನಾ ಮುಂಜಾನೆ ಕೊನೆಯದಾದ ಒಂಬತ್ತನೇ ಕುಳಿಯನ್ನು ದಿಬ್ಬದ ಮೇಲೆ ಹೊಸ ಜಾಗದಲ್ಲಿ ಕೊರೆದು, ಬಾವುಟ ನೆಟ್ಟು, ಕೊರೆಯುವ ಸಲಕರಣೆ ಅಲ್ಲೇ ಬಿಟ್ಟು ಪಂಪು ಹಾಕಲು ಹೋಗುತ್ತಿದ್ದ. ಕೆಲವು ದಿನ ಆಟ ಶುರುವಾಗುವಷ್ಟರಲ್ಲಿ ಕುಳಿ, ಬಾವುಟ ಎರಡೂ ಕೆಳಗಿನ ಸಮತಟ್ಟಿಗೆ ಇಳಿದಿರುತ್ತಿದ್ದವು.

"ದಿಬ್ಬ ಹತ್ತೋಕೆ ಸೋಮಾರಿತನ, ಮೇಲೇ ಕೊರೆದಿದ್ದೆ ಅಂತ ಸುಳ್ಳು ಬೇರೆ!" ಎಂದು ಕಾರ್ಯದರ್ಶಿ ಹಾರಾಡುತ್ತಿದ್ದರು. ಸಂಜೆಯ ಸಭೆಯಲ್ಲಿ ಮಾಲಿಯನ್ನು ಕೆಲಸದಿಂದ ತೆಗೆಯುವುದಿತ್ತು.

ಅವತ್ತೂ ಕುಳಿ ಕೆಳಗಿಳಿದಿತ್ತು. ಅತ್ತಿಗೆ ಮಾಲಿಯ ಜೊತೆ ದಿಬ್ಬ ಹತ್ತಿ ಮಂಡಿಯೂರಿದರು. "ಮುಚ್ಚಿದ ಕುಳಿ ಎಲ್ಲಿದೆ, ಹುಡುಕೇ ನೋಡೋಣ."

ಎಷ್ಟು ನೋಡಿದರೂ ಕಾಣಲಿಲ್ಲ. ಬೆರಳಾಡಿಸಿದಾಗ ದುಂಡನೆಯ ಅಂಚು ಸಿಕ್ಕಿತು. ಅಂಚಿನುದ್ದಕ್ಕೂ ಬೆರಳಿನಿಂದ ಒತ್ತಿದ ಗುರುತುಗಳಿದ್ದವು, ಹೊರಗೆ ಒಂದು ಚೂರು ಮಣ್ಣೂ ಬಿದ್ದಿರಲಿಲ್ಲ.

"ನೀನು ಹೇಗಪ್ಪ ಮುಚ್ತೀಯ?"

"ಹೊಸ ಕುಳಿಯಿಂದ ಬಂದ ಹುಲ್ಲಿನ ಹೆಂಟೆಯನ್ನೇ ಹಳೇದಕ್ಕೆ ಇಟ್ಟು, ಬೂಟಲ್ಲಿ ತುಳಿದುಬಿಡ್ತೀನಮ್ಮ."

"ಕುಳಿ ಇಳಿಯೋದು ಯಾವಾಗ?"

"ಹಲ್ಲಿನ ಡಾಕ್ಟ್ರು, ಅವರ ಮನೆಯವರು, ಕಾರ್ಯದರ್ಶಿಗಳು ಒಟ್ಟಿಗೆ ಆಡೋ ದಿನ ಮಾತ್ರ."

ನನ್ನ ಗುಮಾನಿ ಕಾರ್ಯದರ್ಶಿಯ ಮೇಲೆ. ಮಂಡಿನೋವಿನ ಆ ಮನುಷ್ಯನಿಗೆ ದಿಬ್ಬವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಡಾಕ್ಟರು ಪಾಪ, ದೇವರಂಥವರು. ಅವರು ತುಂಬಿದ ನನ್ನ ದವಡೆ ಹಲ್ಲು ಯಾವುದೆಂದು ನನ್ನ ನಾಲಿಗೆಗೇ ಗೊತ್ತಾಗುವುದಿಲ್ಲ. ಅವರ ಹೆಂಡತಿ ಪಾರ್ಶ್ವವಾಯು ಬಡಿದ ಮೇಲೆ ಕೋಲೂರಿ ನಡೆಯುತ್ತಿದ್ದರು. ಈಚೆಗೆ ತಮ್ಮ ಆಟ ಸುಧಾರಿಸಿದೆ ಎಂದು ಎಲ್ಲರೆದುರು ಬೀಗುತ್ತಿದ್ದರು.

ಸಂಜೆ ಸಭೆಯಲ್ಲಿ ಅತ್ತಿಗೆ ಎದ್ದು ನಿಂತರು. "ಮಾಲಿ ಕುಳಿ ಮುಚ್ಚೋದು ಕಾಲಿಂದ. ಇದನ್ನ ಮುಚ್ಚಿದವರು ನೆಲದ ಮೇಲೆ ಕೂತು ಬೆರಳಲ್ಲಿ ಒತ್ತಿದ್ದಾರೆ. ಕಾರ್ಯದರ್ಶಿಗಳಿಗೆ ಕುರ್ಚಿಯಿಂದ ಏಳೋದೇ ಕಷ್ಟ, ಹಾಗಾಗಿ ಅವರನ್ನ ಬಿಟ್ಟೆ. ಕದ್ದು ಮಾಡೋ ಅವಸರದಲ್ಲೂ ಅಂಚು ನಯ ಮಾಡಿ, ಉಳಿದ ಚೂರೆಲ್ಲ ತೆಗೆಯೋದು ಎಂಥ ಕೈ? ಜೀವಮಾನವೆಲ್ಲ ಹುಳುಕು ಹಲ್ಲು ತುಂಬಿದ ಕೈ. ಬೇಕಾದ್ರೆ ನಮ್ಮ ನಾದಿನಿ ಬಾಯಿ ನೋಡಿ."

ನಾನು ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಡಾಕ್ಟರು ತಲೆ ತಗ್ಗಿಸಿದರು.

"ಬೆಳಗಿನ ಆಟ ಇದೆ ಅಂತಲೇ ಇವಳು ಹಾಸಿಗೆಯಿಂದ ಏಳೋದು. ದಿಬ್ಬ ಹತ್ತೋಕೆ ತಡವಾಗಿ ಸರದಿ ಹೋಗಿಬಿಟ್ರೆ..." ಅವರು ಮಾಲಿಯತ್ತ ನೋಡಿದರು. "ಮಾಲಿ ತಪ್ಪಿಲ್ಲ ಅಂತ ನಾನೇ ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

"ಅಂದ್ರೆ ನನ್ನ ಆಟ ಸುಧಾರಿಸಿದ್ದೆಲ್ಲ ಸುಳ್ಳೇನ್ರೀ?" ಎಂದರು ಅವರ ಹೆಂಡತಿ.

ಆಕೆ ಕೋಲೂರಿ ಎದ್ದು ಮಾಲಿಯ ಕಡೆ ತಿರುಗಿದರು. "ನಾಳೆ ಬಾವುಟ ದಿಬ್ಬದ ಮೇಲೇ ಇಡಪ್ಪ. ಕಾರ್ಯದರ್ಶಿಗಳೇ, ಬೆಳಗಿನ ಕೊನೇ ಸರದಿ ನನಗೆ ಕೊಡಿ. ಆಗ ನನ್ನ ಹಿಂದೆ ಕಾಯೋರು ಯಾರೂ ಇರಲ್ಲ." ಕಾರ್ಯದರ್ಶಿ ತಲೆಯಾಡಿಸಿ, ಮಾಲಿಯ ಕ್ಷಮೆ ಕೇಳಿದರು.

ಮರುದಿನ ದಿಬ್ಬದ ಬುಡದಲ್ಲಿ ಡಾಕ್ಟರು ಕೈ ಚಾಚಿದರು. ಆಕೆ ಆ ಕೈಯನ್ನು ಮೆಲ್ಲಗೆ ಸರಿಸಿ ಒಬ್ಬರೇ ಹತ್ತತೊಡಗಿದರು. ಬಹಳ ಹೊತ್ತು ಹಿಡಿಯಿತು. ಆಟ ಮುಗಿಸಿದ್ದ ಹೊಸ ಮನೆಗಳವರು ಒಬ್ಬರೂ ಮನೆಗೆ ಹೋಗಲಿಲ್ಲ.