ಲುಂಡೆ ಜೇನು, ಕ್ಯಾಲಿಫೋರ್ನಿಯಾ

ಹಾಲ್ವರ್ ಲುಂಡೆ ಆ ಮಾತನ್ನು ಬೇರೆಲ್ಲಾದರೂ ಹೇಳಿದ್ದರೆ ಆಲ್ವಿನೊ ಮಚಾಡೊ ಬಹುಶಃ ನುಂಗಿಕೊಳ್ಳುತ್ತಿದ್ದ. ಹೇಳಿದ್ದು ಆಲ್ವಿನೊನ ಅಡುಗೆಮನೆಯಲ್ಲಿ, ಆಲ್ವಿನೊನೇ ಹುರಿದು ಬಡಿಸಿದ ಸಾಸೇಜು, ಮೊಟ್ಟೆ ತಿನ್ನುತ್ತಾ.

"ಬರೋ ವರ್ಷದಿಂದ ನಿನಗೆ ತೊಂದ್ರೆ ಕೊಡಲ್ಲ ಕಣಯ್ಯ. ನಮ್ಮ ಕಂಪನೀನ ಈ ರಾಜ್ಯದಲ್ಲೂ ರಿಜಿಸ್ಟರ್ ಮಾಡಿಸ್ಬಿಡ್ತೀವಿ. ಇಲ್ಲೇ ಒಂದು ಜಾಗ ಹಿಡಿದು, ತೋಟದವರ ಹತ್ರ ನಾವೇ ಮಾತಾಡ್ಕೋತೀವಿ."

ತೊಂದರೆಯಂತೆ! ಪ್ರತಿ ಚಳಿಗಾಲ ಬಾದಾಮಿ ಹೂ ಬಿಡುವ ಮೊದಲು ನಾರ್ತ್ ಡಕೋಟಾದಿಂದ ಹಾಲ್ವರನ ಜೇನುಪೆಟ್ಟಿಗೆಗಳು ಲಾರಿಯಲ್ಲಿ ಬರುತ್ತಿದ್ದವು. ಜೇನಿಲ್ಲದೆ ಬಾದಾಮಿ ಕಾಯಿ ಕಚ್ಚುವುದಿಲ್ಲ. ಯಾವ ತೋಟಕ್ಕೆ ಎಷ್ಟು ಪೆಟ್ಟಿಗೆ, ಯಾವ ಯಜಮಾನ ಪೆಟ್ಟಿಗೆಗಳ ಬಾಡಿಗೆ ಕೊಡುವಾಗ ಕೈ ಹಿಂದೆಳೆಯುತ್ತಾನೆ, ಎಲ್ಲ ನೋಡಿಕೊಂಡವನು ಆಲ್ವಿನೊ. ಅದರಲ್ಲಿ ಅವನಿಗೆ ಸಿಗುತ್ತಿದ್ದ ಪಾಲೇ ಅಪ್ಪ ನೆಟ್ಟ ಬಾದಾಮಿ ತೋಟವನ್ನು ಉಳಿಸಿತ್ತು. ಸಮುದ್ರದಾಚೆಯ ದ್ವೀಪವೊಂದರಿಂದ ಬರಿಗೈಯಲ್ಲಿ ಬಂದು, ಕಂಡವರ ಹಸು ಕರೆದು ಅಪ್ಪ ಕೊಂಡ ನೆಲ ಅದು. ಬಾವಿ ಪಾತಾಳಕ್ಕಿಳಿದ ಮೇಲೆ ಮರಗಳಿಗೆ ನೀರು ಕುಡಿಸುವುದೇ ದುಬಾರಿಯಾಗಿತ್ತು. ಜೇನಿನ ಪಾಲು ಹೋದರೆ ತೋಟವೂ ಹೋದಂತೆಯೇ.

"ಆ ರಿಜಿಸ್ಟ್ರೇಶನ್ ಓಡಾಟ ನೀನೇ ಮಾಡಿಬಿಡು. ಕಾಗದಪತ್ರ ಅಂದ್ರೆ ನನಗೆ ಆಗಿಬರಲ್ಲ," ಎಂದು ಹಾಲ್ವರ್ ಬ್ರೆಡ್ಡಿನಲ್ಲಿ ತಟ್ಟೆ ಒರೆಸಿದ.

ಸಿಂಕಿನ ಹತ್ತಿರ ಲೋಟ ತೊಳೆಯುತ್ತಿದ್ದ ಹಾಲ್ವರನ ಹೆಂಡತಿ ಸೋಲ್ವೈಗ್ ತಿರುಗಿ ನೋಡಿದಳು. "ಅವರ ಹೊಟ್ಟೆ ಮೇಲೆ ಹೊಡೆಯೋ ಕೆಲಸಾನ ಅವರ ಕೈಲೇ ಮಾಡಿಸ್ತೀರಾ?"

"ಸುಮ್ನಿರೇ, ಆಲ್ವಿನೊ ನಮ್ಮವನು."

"ನಿಮ್ಮವನೇ," ಎಂದು ಆಲ್ವಿನೊ ನಕ್ಕು ಇನ್ನೊಂದು ಸಾಸೇಜು ಬಡಿಸಿದ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅವಳಿಗೆ ಅದರ ಹೊಗೆ ಕಂಡಿತೇ ಎಂಬ ಅನುಮಾನ ಆಗಲೇ ಹುಟ್ಟಿತು. ಆದರೆ ಅವಳು ಲೋಟ ಬೋರಲು ಹಾಕಿ ಹೊರಗೆ ಹೋದಳು. ಜೇನಿನ ಜೊತೆ ಲಾರಿಯಲ್ಲಿ ಬಂದು, ಪೆಟ್ಟಿಗೆಗಳ ನಡುವೆ ಓಡಾಡಿಕೊಂಡು, ಊಟಕ್ಕೆ ಕರೆದಾಗ ಬರುವ ಹೆಂಗಸು. ಅವನು ಅವಳನ್ನು ಲೆಕ್ಕದಿಂದ ಬಿಟ್ಟ.

ಆ ಬೇಸಿಗೆಯೆಲ್ಲ ಆಲ್ವಿನೊ ಕಾನೂನು ಓದಿದ. ಓದಿದಷ್ಟೂ ಅದು ತನಗಾಗಿಯೇ ಬರೆದದ್ದು ಅನ್ನಿಸಿತು. ಒಂದು ರಾಜ್ಯದಲ್ಲಿ ಹುಟ್ಟಿದ ಕಂಪನಿ ಇನ್ನೊಂದು ರಾಜ್ಯದಲ್ಲಿ ವ್ಯವಹಾರ ಮಾಡಬೇಕಾದರೆ ಅಲ್ಲಿ ನೋಂದಾಯಿಸಿಕೊಳ್ಳಬೇಕು. ಅದೇ ಹೆಸರಿನ ಕಂಪನಿ ಅಲ್ಲಿ ಮೊದಲೇ ಇದ್ದರೆ ಹೊಸಬ ಬೇರೆ ಹೆಸರು ಹುಡುಕಿಕೊಳ್ಳಬೇಕು. ಎಲ್ಲಕ್ಕಿಂತ ಸೊಗಸಾದ ಮಾತು ಕೊನೆಯಲ್ಲಿತ್ತು: ನೋಂದಾಯಿಸದ ಹೊರಗಿನ ಕಂಪನಿಗೆ ಇಲ್ಲಿನ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ.

ಹಾಲ್ವರನ ಕಂಪನಿ ಹತ್ತು ವರ್ಷ ಇಲ್ಲಿ ನೋಂದಣಿಯಿಲ್ಲದೆ, ಕೈಕುಲುಕಿದ ನಂಬಿಕೆಯ ಮೇಲೆಯೇ ನಡೆದಿತ್ತು. ಹೊರರಾಜ್ಯದ ಕಂಪನಿಗೆ ಕೊಡುವ ಮಂಜೂರಾತಿ ಪತ್ರವೇ ಕೈಗೆ ಬರಲೆಂದು ಆಲ್ವಿನೊ ಪಕ್ಕದ ನೆವಾಡಾ ರಾಜ್ಯದಲ್ಲಿ ಅದೇ ಹೆಸರಿನ ಇನ್ನೊಂದು ಕಂಪನಿ ಹುಟ್ಟಿಸಿದ. ಲುಂಡೆ ಜೇನು ಕಂಪನಿ. ಯಜಮಾನ, ಖಜಾಂಚಿ, ಕಾರ್ಯದರ್ಶಿ ಎಲ್ಲ ಅವನೇ. ಆಸ್ತಿಯಿಲ್ಲದ ಕಂಪನಿಯನ್ನು ಬ್ಯಾಂಕಿನವರು ಮೂಸಿಯೂ ನೋಡುವುದಿಲ್ಲವೆಂದು ತೋಟವನ್ನು ಅದರ ಹೆಸರಿಗೆ ಬರೆದ. ಸಹಿ ಹಾಕುವಾಗ ಅಪ್ಪನ ನೆನಪಾಯಿತು. ತೋಟ ಉಳಿಸುವುದಕ್ಕೇ ಅಲ್ಲವೇ ಇದೆಲ್ಲ ಎಂದು ಸಮಾಧಾನ ಹೇಳಿಕೊಂಡ.

ಒಂದು ಕೆಲಸ ಉಳಿದಿತ್ತು. ಕೋರ್ಟಿನ ಕಾಗದ ಬಂದರೆ ಕಂಪನಿಯ ಪರವಾಗಿ ತೆಗೆದುಕೊಳ್ಳಲು ಈ ರಾಜ್ಯದಲ್ಲೊಬ್ಬ ಏಜೆಂಟ್ ಬೇಕು, ಅವನಿಗೊಂದು ವಿಳಾಸ ಬೇಕು. ಆಲ್ವಿನೊ ತನ್ನ ಸೋದರಮಾವ ಫೆರ್ಮಿನೊನನ್ನು ಆರಿಸಿದ. ಹಳೆಯ ಹಾಲಿನ ಡೈರಿಯ ಹಿಂದೆ ಒಂಟಿಯಾಗಿರುವ ಮುದುಕ. ಎರಡೂ ಕಿವಿ ಮಂದ. ಒಗೆದ ಅಂಗಿ ಹಾಕಿಕೊಂಡು ಬಾಗಿಲು ತಟ್ಟುವವರೆಲ್ಲ ಅವನ ಪಾಲಿಗೆ ಬೈಬಲ್ ಮಾರುವವರು, ಇಂಗ್ಲಿಷಿನಲ್ಲಿ ಬಂದ ಟಪಾಲೆಲ್ಲ ಒಲೆಗೆ.

"ಮಾಮ, ಯಾರೇ ಬಂದ್ರೂ ಬಾಗಿಲು ತೆಗೀಬೇಡಿ!" ಎಂದು ಆಲ್ವಿನೊ ಅವನ ಕಿವಿಯ ಹತ್ತಿರ ಕಿರುಚಿದ.

"ನಾನ್ಯಾವತ್ತು ತೆಗೆದಿದ್ದೀನೋ ಮಂಕೆ? ನೀನೇ ಕಿಟಕಿ ಹಾರಿ ಬಂದಿದೀಯ."

ಇಂಥ ಏಜೆಂಟ್ ಇಡೀ ರಾಜ್ಯದಲ್ಲಿ ಇನ್ನೊಬ್ಬನಿರಲಾರ ಎಂದು ಆಲ್ವಿನೊ ಹಿಗ್ಗಿದ. ಅರ್ಜಿ ಕೊಡಲು ತಾನೇ ರಾಜಧಾನಿ ಸ್ಯಾಕ್ರಮೆಂಟೊದ ನೋಂದಣಿ ಕಚೇರಿಗೆ ಹೋದ. ಕೌಂಟರಿನ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು.

"ಏಜೆಂಟ್ ಒಪ್ಪಿದ್ದಾರಾ?"

"ಖುಷಿಯಾಗಿ."

ಅವಳು ಯಾಕೆ ಕೇಳಿದಳು? ಎಲ್ಲರನ್ನೂ ಕೇಳುತ್ತಾಳೋ, ತನ್ನನ್ನು ಮಾತ್ರವೋ? ಸಾಲಿನಲ್ಲಿ ತನ್ನ ಹಿಂದಿದ್ದವನನ್ನೂ ಅದೇ ಕೇಳುವವರೆಗೆ ಅವನು ಬಾಗಿಲ ಬಳಿ ಶೂ ದಾರ ಕಟ್ಟುವ ನೆಪದಲ್ಲಿ ಬಗ್ಗಿಯೇ ಇದ್ದ.

ಜನವರಿಯ ಕೊನೆಗೆ ಲಾರಿಗಳು ಬಂದವು. ಆಲ್ವಿನೊ ಮಂಜೂರಾತಿ ಪತ್ರದ ಫೋಟೋವನ್ನು ಫೋನಿನಲ್ಲಿ ತೋರಿಸಿದ. ಲುಂಡೆ ಎಂಬ ತನ್ನ ಹೆಸರು, ಅದರ ಕೆಳಗೆ ಸರ್ಕಾರದ ಮುದ್ರೆ ಕಂಡು ಹಾಲ್ವರ್ ಬೆನ್ನು ತಟ್ಟಿದ.

"ಮೂಲ ಪತ್ರ ಎಲ್ಲಿದೆ?" ಎಂದಳು ಸೋಲ್ವೈಗ್.

"ವಕೀಲರ ಹತ್ರ ಇದೆ ಅಮ್ಮಾ."

"ಓಹೋ, ವಕೀಲರೂ ಇದ್ದಾರೆ," ಎಂದು ಅವಳು ಕೈಗವಸು ಏರಿಸಿಕೊಂಡು ನಡೆದಳು.

ಅಂದಿನಿಂದ ಅವನಿಗೆ ನೆಮ್ಮದಿಯಿರಲಿಲ್ಲ. ಅವಳು ಫೋನಿನಲ್ಲಿ ಮಾತಾಡಿದರೆ ತನ್ನ ವಿಷಯವೇ ಅನ್ನಿಸುತ್ತಿತ್ತು. ಚರ್ಚಿನಲ್ಲಿ ತೋಟದವರು ಗುಸುಗುಸು ಎಂದರೆ ಹಾಡು ಬಿಟ್ಟು ಅತ್ತ ಕಿವಿಗೊಡುತ್ತಿದ್ದ. ಆದರೂ ಎಲ್ಲ ನೀರು ಕುಡಿದಂತೆ ನಡೆಯಿತು. ತೋಟದವರು ಎಂದಿನಂತೆ ಲುಂಡೆ ಕಂಪನಿಗೆ ಚೆಕ್ ಬರೆದರು, ಅವು ಆಲ್ವಿನೊನ ಖಾತೆಗೆ ಬಿದ್ದವು. ಹೂ ಉದುರಿದ ಮೇಲೆ ಅವನು ಆಳುಗಳನ್ನು ಕರೆದುಕೊಂಡು ಹೋಗಿ ಪೆಟ್ಟಿಗೆಗಳನ್ನೆಲ್ಲ ತನ್ನ ತೋಟಕ್ಕೆ ತಂದು, ಗೇಟಿಗೆ ಬೀಗ ಜಡಿದ.

ಹಾಲ್ವರ್ ಗೇಟಿನ ಆಚೆ ನಿಂತು ಕಂಬಿ ಅಲ್ಲಾಡಿಸಿದ. "ಏನೋ ಇದು? ತಮಾಷೆನಾ?"

"ತಮಾಷೆ ಏನಿಲ್ಲ. ಇವು ಲುಂಡೆ ಕಂಪನಿ ಪೆಟ್ಟಿಗೆ. ಈ ರಾಜ್ಯದಲ್ಲಿ ಲುಂಡೆ ಕಂಪನಿ ಅಂದ್ರೆ ನಾನು. ಬೇಕಾದ್ರೆ ಕೋರ್ಟಿಗೆ ಹೋಗು."

"ಹತ್ತು ವರ್ಷ ನಿನ್ನ ಮನೇಲಿ ಊಟ ಮಾಡಿದೀನಲ್ಲೋ!"

"ಮಾಡಿದೆ. ಆಮೇಲೆ ಬಾಯಿ ಒರೆಸ್ಕೊಂಡು ಹೊರಟೆ."

ಶೆರಿಫ್ ಕಚೇರಿಯವರು ಬಂದು ಎರಡೂ ಕಡೆಯ ಕಾಗದ ನೋಡಿ, ಇದು ಕಂಪನಿಗಳ ಜಗಳ, ಕೋರ್ಟಿನಲ್ಲೇ ಆಗಬೇಕು ಎಂದು ಹೇಳಿ ಹೋದರು. ಆಲ್ವಿನೊ ಎಣಿಸಿದ್ದೂ ಅದನ್ನೇ. ಕೋರ್ಟಿನ ಬಾಗಿಲು ತೆರೆಯಬೇಕಾದರೆ ಹಾಲ್ವರ್ ಮೊದಲು ನೋಂದಾಯಿಸಬೇಕು, ಅದಕ್ಕೆ ಮೊದಲು ಹೊಸ ಹೆಸರು ಹುಡುಕಬೇಕು, ಆಮೇಲೆ ಹಳೆಯ ಹೆಸರು ಹೊತ್ತ ಪೆಟ್ಟಿಗೆಗಳು ಹೊಸ ಹೆಸರಿನವನವು ಹೇಗೆ ಎಂದು ವಾದಿಸಬೇಕು. ಜೇನು ಅಷ್ಟು ಕಾಲ ಕಾಯುವುದಿಲ್ಲ. ವಸಂತ ಕಳೆಯುವ ಮೊದಲು ಹಾಲ್ವರ್ ಪೆಟ್ಟಿಗೆಗಳನ್ನು ಸಿಕ್ಕಿದಷ್ಟಕ್ಕೆ ಆಲ್ವಿನೊನಿಗೇ ಮಾರಿ ಊರಿಗೆ ಹೋಗುತ್ತಾನೆ.

ಗಂಡ ಹೆಂಡಿರ ಲಾರಿ ಹೆದ್ದಾರಿಯ ಮೋಟೆಲಿನ ಮುಂದೆ ನಿಂತೇ ಇತ್ತು. ಆಲ್ವಿನೊ ದಿನವೂ ಆ ದಾರಿಯಲ್ಲಿ ಹೋಗಿ ನೋಡುತ್ತಿದ್ದ. ಅವರಿಂದ ಒಂದು ಫೋನಿಲ್ಲ, ಒಂದು ಬೈಗುಳವಿಲ್ಲ. ಯಾಕೆ ಸುಮ್ಮನಿದ್ದಾರೆ? ಮಾವನ ಮನೆಗೆ ಹೋಗಿ ವಿಚಾರಿಸಿದ.

"ಬೈಬಲ್‌ನವರು ಈ ಸಲ ಬಿಡ್ತಾನೇ ಇಲ್ಲ ಕಣೋ," ಎಂದ ಫೆರ್ಮಿನೊ. "ಮೂರು ಸಲ ಬಂದು ಬಾಗಿಲು ತಟ್ಟಿದ್ರು. ನಾನು ಕಿಟಕೀಲೇ ಕೂತು ನೋಡ್ತಿದ್ದೆ. ಆಮೇಲೆ ಬರೋದು ಬಿಟ್ರು."

ಬಿಟ್ಟರು! ಆಲ್ವಿನೊ ಮಾವನಿಗೆ ಸಿಹಿಬ್ರೆಡ್ಡು ಕೊಡಿಸಿ, ಎಷ್ಟೋ ವಾರಗಳ ನಂತರ ಚೆನ್ನಾಗಿ ನಿದ್ದೆ ಮಾಡಿದ.

ಏಪ್ರಿಲ್‌ನ ಒಂದು ಬೆಳಿಗ್ಗೆ ಶೆರಿಫ್ ಕಚೇರಿಯ ಅಧಿಕಾರಿ ಗೇಟಿನ ಬೀಗ ಕತ್ತರಿಸಿಕೊಂಡೇ ಒಳಗೆ ಬಂದ. ಹಿಂದೆ ಹಾಲ್ವರನ ಲಾರಿಗಳು, ಮುಂದಿನದರಲ್ಲಿ ಹಾಲ್ವರ್, ಸೋಲ್ವೈಗ್.

"ಕೋರ್ಟಿನ ಆದೇಶ. ಪೆಟ್ಟಿಗೆಗಳನ್ನ ಕೊಡಬೇಕು. ನಷ್ಟ ತೀರ್ಮಾನ ಆಗೋವರೆಗೆ ಈ ತೋಟಾನೂ ಜಪ್ತಿ. ನಿಮ್ಮ ಕಂಪನಿ ಹೆಸರಲ್ಲಿ ಇರೋದು ಇದೊಂದೇ ಆಸ್ತಿಯಲ್ವಾ?"

"ನನಗೆ ಒಂದು ನೋಟೀಸೂ ಬಂದಿಲ್ಲ!"

"ನಿಮ್ಮ ಏಜೆಂಟ್ ಮನೆಗೆ ಮೂರು ಸಲ ಹೋದ್ವಿ, ಸಾರ್. ಏಜೆಂಟ್ ಸಿಗದಿದ್ರೆ ರಾಜ್ಯದ ನೋಂದಣಿ ಕಚೇರಿಗೇ ಕೊಟ್ರೆ ಸಾಕು, ಅದು ನಿಮಗೆ ಕೊಟ್ಟ ಹಾಗೇನೇ. ನೀವು ಬರಲಿಲ್ಲ, ಜಡ್ಜು ಒಂದೇ ಕಡೆ ಕೇಳಿದ್ರು."

ಆದರೂ ಆಲ್ವಿನೊನ ಹತ್ತಿರ ಇನ್ನೊಂದು ಮಾತಿತ್ತು, ಬೇಸಿಗೆಯೆಲ್ಲ ಬಾಯಿಪಾಠ ಮಾಡಿದ್ದು. "ಆ ಆದೇಶ ನಿಲ್ಲಲ್ಲ! ಅವನ ಕಂಪನಿ ಇಲ್ಲಿ ರಿಜಿಸ್ಟರ್ ಆಗಿಲ್ಲ. ಕೇಸು ಹಾಕೋ ಹಕ್ಕೇ ಇಲ್ಲ ಅದಕ್ಕೆ!"

"ಕಂಪನಿ ಕೇಸು ಹಾಕೇ ಇಲ್ಲ," ಎಂದಳು ಸೋಲ್ವೈಗ್, ಲಾರಿಯಿಂದ ಇಳಿದು ಕೈಗವಸು ಏರಿಸಿಕೊಳ್ಳುತ್ತಾ. "ಕಂಪನೀದು ಲಾರಿ ಮಾತ್ರ ಆಲ್ವಿನೊ ಅವರೇ. ಜೇನು, ಪೆಟ್ಟಿಗೆ ಎರಡೂ ನಂದು. ನಮ್ಮಪ್ಪ ಸಾಯೋಕೆ ಮುಂಚೆ ನನಗೆ ಕೊಟ್ಟಿದ್ದು, ನಾನು ಯಾವತ್ತೂ ಕಂಪನಿಗೆ ಬರೆದುಕೊಟ್ಟಿಲ್ಲ. ಬೇರೆ ರಾಜ್ಯದಿಂದ ಬಂದ ಕಂಪನಿಗೆ ಇಲ್ಲಿ ಕೋರ್ಟಿಗೆ ಹೋಗೋಕೆ ರಿಜಿಸ್ಟ್ರೇಶನ್ ಬೇಕಂತೆ. ಬೇರೆ ರಾಜ್ಯದಿಂದ ಬಂದ ಹೆಂಗಸಿಗೆ ಏನೂ ಬೇಡವಂತೆ." ಆಲ್ವಿನೊ ಹಾಲ್ವರನ ಕಡೆ ನೋಡಿದ. ಹತ್ತು ವರ್ಷದಲ್ಲಿ ಹಾಲ್ವರನನ್ನು ಎಷ್ಟೋ ವಿಷಯ ಕೇಳಿದ್ದ, ಈ ಜೇನು ಯಾರದ್ದು ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.