ಅಕ್ಕ ಗೆದ್ದಳು

ಆಟದಂಗಡಿಯ ಡ್ರಮ್ಮಿನ ಮುಂದೆ ಯಾರೂ ಇರಲಿಲ್ಲ. ಆದರೂ ಅದರ ಹೊದಿಕೆ ನಟ್ಟನಡುವೆ ತಗ್ಗಿತು, ಎದ್ದಿತು, ಮತ್ತೆ ತಗ್ಗಿತು. ಢಂ, ಢಂ ಎಂದು ಸದ್ದು ಬಂತು.

"ಇವರು ಒಬ್ಬ ಲಾರಿ ಡ್ರೈವರು. ಇಪ್ಪತ್ತೇಳು ವರ್ಷದ ಹಿಂದೆ ಆಡಿದ್ದು," ಎಂದಳು ಹಯಾಸೆ. "ಕೇಳಿ, ಎರಡನೇ ಏಟು ಪ್ರತಿ ಸಲ ಒಂಚೂರು ಲೇಟು. ಅವರ ಹೆಂಡ್ತಿ ಬಂದು ಕೇಳಿದ ತಕ್ಷಣ ನಕ್ಕುಬಿಟ್ರು. ಊಟಕ್ಕೆ ಕರೆದ್ರೂ ಹಿಂಗೇ ಬರ್ತಿದ್ದ ಅಂದ್ರು."

ಸ್ಫೂರ್ತಿಗೆ ನಗು ಬರಲಿಲ್ಲ. ಅವಳ ಮಗಳು ಇಹಾ ಮಾತ್ರ ನಕ್ಕಳು. ಬಂದಾಗಿನಿಂದ ಅವಳಿಗೆ ಒಂದೇ ಸಂಭ್ರಮ. ಒಸಾಕಾದ ಈ ಬೀದಿಯ ತುಂಬ ಬಣ್ಣದ ದೀಪದ ಫಲಕಗಳು, ಕಾರ್ಟೂನು ಗೊಂಬೆಗಳ ಅಂಗಡಿಗಳು, ನಾಣ್ಯ ಹಾಕಿ ತಿರುಗಿಸಿದರೆ ಆಟಿಕೆ ಉದುರಿಸುವ ಡಬ್ಬಿಗಳು. ಇಹಾಳ ಚೀಲದಲ್ಲಿ ಆಗಲೇ ಹನ್ನೆರಡು ಪುಟಾಣಿ ಬೆಕ್ಕುಗಳಿದ್ದವು.

ಹಯಾಸೆ ವಿಜ್ಞಾನಿ. ಮೈಸೂರಿನಲ್ಲಿ ಐದು ವರ್ಷ ಧ್ವನಿವಿಜ್ಞಾನ ಓದಿದವಳು. ಕನ್ನಡ ಕಲಿತದ್ದು ಸರಸ್ವತಿಪುರಂನ ಮೆಸ್ಸಿನಲ್ಲಿ ಎಂದು ಹೇಳಿಕೊಳ್ಳುತ್ತಿದ್ದಳು. ಅವಳು ಕಂಡುಹಿಡಿದದ್ದು ಸಣ್ಣ ಸಂಗತಿಯೇ. ಇಂಥ ಆಟದ ಡ್ರಮ್ಮುಗಳ ಹೊದಿಕೆಯ ಅಡಿಯಲ್ಲಿ, ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳಿನ ಬಿಲ್ಲೆಗಳಿರುತ್ತವೆ. ಪ್ರತಿಯೊಂದು ಏಟೂ ಆ ಹರಳಿನಲ್ಲಿ ಕಣ್ಣಿಗೆ ಕಾಣದ ದಣಿವಿನ ಗೆರೆಯೊಂದನ್ನು ಬಿಡುತ್ತದೆ, ಮರದೊಳಗೆ ವರ್ಷಕ್ಕೊಂದು ಬಳೆ ಮೂಡಿದ ಹಾಗೆ, ಒಂದರ ಮೇಲೊಂದು. ಹಯಾಸೆಯ ಯಂತ್ರ ಆ ಪದರಗಳನ್ನು ಓದುತ್ತಿತ್ತು. ಎಲ್ಲಿ, ಎಷ್ಟು ಬಲವಾಗಿ, ಯಾವ ಓರೆಯಲ್ಲಿ ಬಡಿದರು ಎಂದು ತಿಳಿದುಕೊಂಡು, ಅಡಿಯಿಂದ ಅಯಸ್ಕಾಂತಗಳಲ್ಲಿ ಹೊದಿಕೆಯನ್ನು ಹಾಗೆಯೇ ಎಳೆಯುತ್ತಿತ್ತು. ದಿನ, ಗಂಟೆ ಗೊತ್ತಿದ್ದರೆ ಸಾಕು.

ಆ ದಿನ, ಗಂಟೆ ಸಿಕ್ಕಿದ್ದು ನೋಟ್‌ಬುಕ್ಕಿನಲ್ಲಿ. ನಾಣ್ಯ ಹಾಕಿ ಆಡುವ ಇಂಥ ಆಟದಂಗಡಿಗಳಲ್ಲಿ ಬಂದವರು ಬರೆದುಹೋಗಲೆಂದು ಒಂದು ನೋಟ್‌ಬುಕ್ ಇಡುವುದು ಇಲ್ಲಿನ ಹಳೆಯ ರೂಢಿ. ಅಂಕ ಬರೆಯುತ್ತಾರೆ, ಚಿತ್ರ ಗೀಚುತ್ತಾರೆ, ಗುರುತಿಲ್ಲದವರಿಗೆ ಸವಾಲು ಹಾಕುತ್ತಾರೆ. ಹಳೆಯ ನೋಟ್‌ಬುಕ್ಕುಗಳನ್ನು ಜೋಡಿಸುತ್ತಿದ್ದ ಹಯಾಸೆಯ ಕಣ್ಣಿಗೆ ಕನ್ನಡದ ಒಂದು ಸಾಲು ಬಿದ್ದಿತ್ತು: 'ತಿಪಟೂರಿನ ತೇಜಸ್, ಅಕ್ಕನ ಜೊತೆ. 14 ನವೆಂಬರ್ 2027, ಸಂಜೆ 5.40. ಅಕ್ಕ ಗೆದ್ದಳು.'

ಎರಡು ವರ್ಷ ಹುಡುಕಿ ಆ ಅಕ್ಕನನ್ನು ಪತ್ತೆ ಮಾಡಿದ್ದಳು.

ಆ ಸಾಲು ಓದಿದ ದಿನದಿಂದ ಸ್ಫೂರ್ತಿಗೆ ನೆಮ್ಮದಿ ಇರಲಿಲ್ಲ. ಏಕೆಂದರೆ ಆಟ ಮುಗಿದ ಮೇಲೆ ತಮ್ಮ ಅವಳ ಮುಖಕ್ಕೇ ಹೇಳಿದ್ದು ಬೇರೆ: "ನಾನೇ ಬಿಟ್ಕೊಟ್ಟೆ ಕಣೇ." ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ರಿದಮ್ ಪ್ಯಾಡ್ ನುಡಿಸುತ್ತಿದ್ದ ಹುಡುಗ. ಅವನೆದುರು ಗೆದ್ದೆನೆಂದು ಅವಳು ಕುಣಿದಾಡಿದ್ದಳು. ಚಿಕ್ಕಂದಿನಿಂದ ಕೇರಂ ಗೆದ್ದರೂ, ಓಟದಲ್ಲಿ ಮುಂದೆ ಬಂದರೂ "ತಮ್ಮ ಬಿಟ್ಕೊಟ್ಟಿರ್ತಾನೆ" ಎನ್ನುವ ಮನೆ ಅವರದು. ಅವನೂ ಅದನ್ನೇ ಹೇಳಿದಾಗ ತಡೆಯಲಾಗಲಿಲ್ಲ. ಪ್ರವಾಸದ ಉಳಿದ ದಿನಗಳೂ, ಊರಿಗೆ ಬಂದ ಮೇಲೆ ನಾಲ್ಕು ತಿಂಗಳೂ ಅವಳು ಮಾತಾಡಲಿಲ್ಲ. ಮಾತಾಡಿದ್ದು ಆಸ್ಪತ್ರೆಯಲ್ಲಿ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ ಅದು. ಮೂರು ವರ್ಷದೊಳಗೆ ಅವನು ಹೋದ.

ಬಿಟ್ಟುಕೊಟ್ಟನೋ, ತಾನು ಗೆದ್ದಳೋ? ಇಷ್ಟು ತಿಳಿಯಲು ಅವಳು ಇಷ್ಟು ದೂರ ಬಂದಿದ್ದಳು.

"ಅಮ್ಮಾ, ಒಂದ್ ಮಾತು," ಹಯಾಸೆ ತಡೆದಳು. "ಪದರ ನಾನು ಮೊದಲೇ ಓದಿದ್ದೀನಿ. ಎಲ್ರೂ ಇಲ್ಲಿಂದ ನಗ್ತಾ ಹೋಗಲ್ಲ. ಬೇಡ ಅಂದ್ರೆ ಬೇಡ."

"ಮೂವತ್ತೊಂದು ವರ್ಷ ಆಯ್ತು ಕಣಮ್ಮ. ಶುರು ಮಾಡು."

ಎರಡು ಡ್ರಮ್ಮು, ಒಂದು ಪರದೆ. ಕೆಂಪು ಚುಕ್ಕೆ ಬಂದರೆ ನಡುವೆ ಬಡಿಯಬೇಕು, ನೀಲಿ ಬಂದರೆ ಅಂಚಿಗೆ. ಅವತ್ತಿನ ಹಾಡೇ ಶುರುವಾಯಿತು. ಸ್ಫೂರ್ತಿ ಕಡ್ಡಿ ಹಿಡಿದಳು. ಪಕ್ಕದ ಡ್ರಮ್ಮು ತಾನಾಗಿ ತಗ್ಗಿತು. ಮೊದಲ ನಾಲ್ಕು ಏಟಿಗೇ ಅವಳಿಗೆ ಗುರುತು ಸಿಕ್ಕಿತು. ಹಾಡಿಗಿಂತ ಕೂದಲೆಳೆಯಷ್ಟು ಮುಂದೆ ಓಡುವ ಆ ಅವಸರ ಅವನದೇ.

ಅವಳು ಪರದೆ ನೋಡುವುದನ್ನು ಬಿಟ್ಟಳು. ತಾನು ಬಡಿಯುವುದನ್ನೂ.

ಹಾಡಿನ ಅರ್ಧದಲ್ಲಿ ಎಡಗಡೆಯ ತಗ್ಗು ಆಳ ಕಳೆದುಕೊಂಡಿತು. ಆಮೇಲೆ ಬರೀ ಸವರಿದಂತೆ. ಆಮೇಲೆ ಎಡಗೈ ಏಟೇ ಇಲ್ಲ. ಒಂದು ಕ್ಷಣ ಬಿಟ್ಟು ಎಡ ಅಂಚಿಗೆ ಏಟು ಬಿತ್ತು, ಆದರೆ ಓರೆಯಾಗಿ, ಬಲಗಡೆಯಿಂದ ಬಂದ ಓರೆ.

"ಬಲಗೈಲೇ ಆ ಕಡೆಗೂ ಹೊಡೀತಿದ್ದಾರೆ," ಹಯಾಸೆ ಮೆಲ್ಲಗೆ ಹೇಳಿದಳು. "ಕೊನೇಲಿ ಏಟಿನ ಜೋರು ನೋಡಿ. ಶುರುವಿಗಿಂತ ಎರಡರಷ್ಟು. ಬಿಟ್ಕೊಡೋರು ಹಿಂಗೆ ಹೊಡೆಯಲ್ಲ ಅಮ್ಮಾ."

ಡ್ರಮ್ಮು ಒಂದೇ ಕೈಯಲ್ಲಿ ಕೊನೆಯವರೆಗೂ ಬಡಿದುಕೊಂಡಿತು. ನಿಂತಿತು.

ಅವತ್ತು ಅವಳು ಫೋನಿನಲ್ಲಿ ವಿಡಿಯೊ ಮಾಡಿದ್ದಳು, ಕಡ್ಡಿಗಳನ್ನಿಡುವ ಕಟ್ಟೆಗೆ ಫೋನು ಒರಗಿಸಿ. ಇವತ್ತಿಗೂ ಇದೆ. ಅದರಲ್ಲಿ ಇರುವುದು ಪರದೆ, ಚುಕ್ಕೆಗಳು ಮತ್ತು ಅವಳದೇ ದನಿ: "ಆರ್ಕೆಸ್ಟ್ರಾ ಸ್ಟಾರಂತೆ, ಸ್ಟಾರು! ಕಡ್ಡಿ ಹಿಡಿಯೋಕೂ ಬರಲ್ವಲ್ಲೋ!" ಅವನ ಕೈ ಎಲ್ಲೂ ಇಲ್ಲ.

"ಕೈ ಆಗ್ಲೇ ಸೋತಿತ್ತು. ಹೆದರ್ಕೊಂಡಿದ್ದ," ಎಂದಳು ಸ್ಫೂರ್ತಿ. "ನಾನೂ ಹೆದರ್ತೀನಿ ಅಂತ, ಬಿಟ್ಕೊಟ್ಟೆ ಅಂದು ಸಿಟ್ಟು ಬರಿಸಿದ. ನಾನು ನಂಬ್ಕೊಂಡೆ."

ಹಯಾಸೆ ತಲೆ ತಗ್ಗಿಸಿದಳು. "ಈ ಯಂತ್ರ ಮಾಡಿದಾಗ ಹೋದವರ ಆಟ ಮಾತ್ರ ಕೇಳುತ್ತೆ ಅಂದ್ಕೊಂಡಿದ್ದೆ. ಅವರು ಮುಚ್ಚಿಟ್ಟಿದ್ದೂ ಕೇಳುತ್ತೆ ಅಂತ ಹೊಳೆದಿರಲಿಲ್ಲ. ಇನ್ನೊಂದ್ ಸಲ ಹಾಕ್ಲಾ?"

"ಬೇಡ. ಅವನಿಗೆ ಸುಸ್ತಾಗಿದೆ."

ಸ್ವಲ್ಪ ಹೊತ್ತಿನ ಮೇಲೆ, ಅಮ್ಮನ ಮನಸ್ಸು ತಿರುಗಿಸಲೆಂದು ಇಹಾ ಕಡ್ಡಿ ಎತ್ತಿಕೊಂಡಳು. "ಬಾಮ್ಮ, ನನ್ ಜೊತೆ ಒಂದಾಟ. ಚಿಂದಿ ಮಾಡ್ತೀನಿ ನೋಡು."

ಹಾಡು ಶುರುವಾಯಿತು. ಕೆಂಪು, ನೀಲಿ ಚುಕ್ಕೆಗಳು ಹರಿದುಬಂದವು. ಸ್ಫೂರ್ತಿಯ ಡ್ರಮ್ಮಿನಿಂದ ಸದ್ದೇ ಇಲ್ಲ.

"ಅಮ್ಮಾ, ಸ್ಕ್ರೀನ್ ನೋಡು! ಸೋಲ್ತಿದ್ದೀಯ!"

ಅವಳು ನೋಡುತ್ತಿದ್ದದ್ದು ಮಗಳ ಕೈ. ಬಲ ಹೆಬ್ಬೆರಳಿನ ಬುಡದಲ್ಲಿ ಒಂದು ಸುಟ್ಟ ಗಾಯ, ಒಣಗುತ್ತಾ ಬಂದದ್ದು. "ಇದು ಯಾವಾಗ ಆಗಿದ್ದು?"

"ಅಯ್ಯೋ, ಹೋದ ತಿಂಗಳು. ಇಸ್ತ್ರಿ ಪೆಟ್ಟಿಗೆ. ನಿನ್ನೆದುರಿಗೇ ಆಗಿದ್ದಲ್ವಾ, ನೀನು ಫೋನಲ್ಲಿದ್ದೆ."

ಸ್ಫೂರ್ತಿ ಆ ಕೈಯನ್ನು ಹಿಡಿದುಕೊಂಡಳು. ಅವತ್ತು ತಮ್ಮನ ಎಡಗೈ ಅವಳಿಂದ ಒಂದು ಮೊಳ ದೂರವೂ ಇರಲಿಲ್ಲ. ಅದನ್ನು ನೋಡಲು ಹರಳು, ಅಯಸ್ಕಾಂತ ಯಾವುದೂ ಬೇಕಿರಲಿಲ್ಲ. ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ತಪ್ಪಿಹೋಗುತ್ತಿದ್ದವು. ಹೋಗಲಿ ಎಂದು ಬಿಟ್ಟಳು.